ಫೋಟೊದಲ್ಲಿರುವುದು ಹದ್ದೋ, ಗಿಡುಗವೋ, ರಣಹದ್ದೋ? ಬೇಟೆ ಹಕ್ಕಿಗಳನ್ನು ಗುರುತಿಸುವುದು ಹೀಗೆ

ಎಲ್ಲೋರಾ ನೋಡಲು ಹೋದವರ ಮೊಬೈಲ್‌ನಲ್ಲಿ ಕೈಲಾಸನಾಥ ದೇವಾಲಯದ ಚಿತ್ರಗಳ ಜತೆ ಆಕಾಶದಲ್ಲಿ ತೇಲುವ ಒಂದು ಹಕ್ಕಿಯೂ ಇರುತ್ತದೆ. ವಾಟ್ಸ್ಆ್ಯಪ್‌ಗೆ ಹಾಕಿದರೆ ಒಬ್ಬರು ಗರುಡ ಎನ್ನುತ್ತಾರೆ, ಇನ್ನೊಬ್ಬರು ರಣಹದ್ದು ಎನ್ನುತ್ತಾರೆ. ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದಲ್ಲಿ, 8ನೇ ಶತಮಾನದಲ್ಲಿ ಕೊರೆದ ಈ ದೇವಾಲಯದ ಊರಿಗೆ ಮರಾಠಿಯಲ್ಲಿ ವೇರೂಳ್ ಎಂದು ಹೆಸರು. ಸುತ್ತಲೂ ಕಪ್ಪು ಬಸಾಲ್ಟ್ ಬಂಡೆಯ ಗುಡ್ಡ, ಒಣ ಹುಲ್ಲುಗಾವಲು, ಹೊಲ. ಸ್ವಲ್ಪ ದೂರದಲ್ಲಿ ಗೋದಾವರಿಯ ಜಲಾಶಯಗಳು. ಬೇಟೆ ಹಕ್ಕಿಗಳಿಗೆ ಬೇಕಾದ್ದೆಲ್ಲ ಇಲ್ಲಿದೆ.

ಹೆಸರು ಸರಿಯಾಗಿ ಹೇಳುವುದು ಬರೀ ಹವ್ಯಾಸದ ಮಾತಲ್ಲ. ಉದ್ದ ಕೊಕ್ಕಿನ ರಣಹದ್ದು ಮತ್ತು ಬಿಳಿ ಬೆನ್ನಿನ ರಣಹದ್ದು ಇಂದು ತೀವ್ರ ಅಳಿವಿನಂಚಿನಲ್ಲಿವೆ. ಒಂದು ಸ್ಪಷ್ಟ ಫೋಟೊ ಅವು ಎಲ್ಲಿ ಉಳಿದಿವೆ ಎಂಬುದಕ್ಕೆ ದಾಖಲೆಯಾಗುತ್ತದೆ. ಸಾಮಾನ್ಯ ಹದ್ದನ್ನೇ ರಣಹದ್ದು ಎಂದು ಬರೆದರೆ ಇಲ್ಲದ ಹಕ್ಕಿ ಲೆಕ್ಕಕ್ಕೆ ಸೇರಿಬಿಡುತ್ತದೆ.

ಬಣ್ಣಕ್ಕಿಂತ ಮೊದಲು ಆಕಾರ ನೋಡಿ

ಬಹುತೇಕರು ಮೊದಲು ನೋಡುವುದು ಬಣ್ಣವನ್ನು. ಆದರೆ ಬಿಸಿಲಿಗೆ ಎದುರಾಗಿ ತೆಗೆದ ಫೋಟೊದಲ್ಲಿ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಒಂದೇ ಜಾತಿಯಲ್ಲಿ ಗಂಡು, ಹೆಣ್ಣು, ಮರಿಗಳ ಬಣ್ಣ ಬೇರೆ ಬೇರೆ ಇರಬಹುದು. ಆದ್ದರಿಂದ ಈ ಕ್ರಮದಲ್ಲಿ ನೋಡುವುದು ಒಳ್ಳೆಯದು.

1. ಬಾಲ: ತುದಿ ಕವಲಾಗಿದ್ದರೆ ಅದು ಊರೂರಲ್ಲೂ ಕಾಣುವ ಸಾಮಾನ್ಯ ಹದ್ದು. ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಮಾಯವಾದಂತೆ ಕಾಣುವುದರಿಂದ ಒಂದಕ್ಕಿಂತ ಹೆಚ್ಚು ಫೋಟೊ ನೋಡಬೇಕು. ಬಾಲದ ತುದಿ ದುಂಡಗಿದ್ದು, ತಲೆ ಎದೆ ಬಿಳಿ, ಮೈ ಕಾವಿ ಬಣ್ಣವಾಗಿದ್ದರೆ ಅದು ಗರುಡ. ಗರುಡನ ಮರಿ ಕಂದು ಬಣ್ಣದ್ದು, ಅದನ್ನು ಹದ್ದಿನಿಂದ ಬೇರ್ಪಡಿಸುವುದು ದುಂಡನೆಯ ಬಾಲವೇ.

2. ರೆಕ್ಕೆಯ ತುದಿ: ಚೂಪಾಗಿ ಕುಡುಗೋಲಿನಂತಿದ್ದರೆ ಫಾಲ್ಕನ್ ಗುಂಪಿನ ಹಕ್ಕಿ. ಬೆರಳು ಬಿಡಿಸಿದಂತೆ ಗರಿಗಳು ಬೇರೆ ಬೇರೆಯಾಗಿದ್ದರೆ ಹದ್ದು, ಗಿಡುಗ, ರಣಹದ್ದುಗಳ ಕಡೆಯದು. ಈ 'ಬೆರಳು'ಗಳನ್ನು ಎಣಿಸುವುದು ಫೋಟೊದಿಂದ ಸಿಗುವ ದೊಡ್ಡ ಅನುಕೂಲ. ಹಾರುವಾಗ ಕಣ್ಣಿಗೆ ಸಿಗದ ಲೆಕ್ಕ ನಿಂತ ಚಿತ್ರದಲ್ಲಿ ಸಿಗುತ್ತದೆ.

3. ತಲೆ: ಅಗಲವಾದ ರೆಕ್ಕೆ, ಚಿಕ್ಕ ತಲೆ, ಗಿಡ್ಡ ಬಾಲ ಇದ್ದರೆ ರಣಹದ್ದು ಇರಬಹುದು. ಪಾರಿವಾಳದಂಥ ಸಣ್ಣ ತಲೆ, ಉದ್ದ ಕತ್ತು ಮತ್ತು ರೆಕ್ಕೆಯಲ್ಲಿ ಆರು ಬೆರಳು ಇದ್ದರೆ ಜೇನುಗಿಡುಗ. ಗೂಬೆಯಂತೆ ದಪ್ಪ ತಲೆ, ಹಳದಿ ಕಣ್ಣು, ಮಸುಕು ಬಿಳಿ ಹೊಟ್ಟೆ ಇದ್ದರೆ ಹಾವು ಹಿಡಿಯುವ ಗಿಡ್ಡ ಬೆರಳಿನ ಹದ್ದು.

4. ವರ್ತನೆ: ಹಕ್ಕಿ ಗಾಳಿಯಲ್ಲಿ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತಿತ್ತೇ? ಬಿಳಿ ಮೈ, ಕೆಂಪು ಕಣ್ಣು, ಹೆಗಲ ಮೇಲೆ ಕಪ್ಪು ಪಟ್ಟೆ ಇದ್ದರೆ ಅದು ಕಪ್ಪು ರೆಕ್ಕೆಯ ಹದ್ದು. ಇಟ್ಟಿಗೆ ಬಣ್ಣದ ಬೆನ್ನು, ಚೂಪು ರೆಕ್ಕೆ ಇದ್ದರೆ ಕೆಸ್ಟ್ರೆಲ್.

ಹೆಚ್ಚು ಗೊಂದಲ ಎಲ್ಲಿ?

ಶಿಕ್ರಾ ಮತ್ತು ಪಪೀಹಾ: ತೋಟದಲ್ಲಿ ಕಾಣುವ ಪುಟ್ಟ ಬೇಟೆಗಾರ ಶಿಕ್ರಾ. ಕೋಗಿಲೆ ಕುಟುಂಬದ ಪಪೀಹಾ ಬಣ್ಣದಲ್ಲೂ ಹಾರಾಟದಲ್ಲೂ ಥೇಟ್ ಅದರಂತೆಯೇ ಇರುತ್ತದೆ. ಕೊಕ್ಕು ನೋಡಿ: ಶಿಕ್ರಾದ್ದು ಕೊಕ್ಕೆಯಂತೆ ಬಾಗಿದ್ದು, ಪಪೀಹಾದ್ದು ತೆಳ್ಳಗೆ, ಹೆಚ್ಚು ಕಡಿಮೆ ನೇರ. ಪಪೀಹಾದ ಕಾಲಿನಲ್ಲಿ ಬೇಟೆಯ ಉಗುರುಗಳೂ ಇಲ್ಲ. ಚಳಿಗಾಲದಲ್ಲಿ ಬರುವ ಸ್ಪ್ಯಾರೋಹಾಕ್ ಕೂಡ ಶಿಕ್ರಾವನ್ನೇ ಹೋಲುತ್ತದೆ. ಶಿಕ್ರಾದ ರೆಕ್ಕೆಯಲ್ಲಿ ಐದು ಬೆರಳು, ಸ್ಪ್ಯಾರೋಹಾಕ್‌ನಲ್ಲಿ ಆರು.

ಸ್ಟೆಪ್ಪಿ ಮತ್ತು ಟಾನಿ ಹದ್ದು: ಎರಡೂ ದೊಡ್ಡ ಕಂದು ಹದ್ದುಗಳು. ಮುಖದ ಹತ್ತಿರದ ಫೋಟೊ ಇದ್ದರೆ ಬಾಯಿಯ ಹಳದಿ ಅಂಚನ್ನು ಗಮನಿಸಿ. ಅದು ಕಣ್ಣಿನ ಹಿಂಭಾಗದವರೆಗೂ ಹೋಗಿದ್ದರೆ ಸ್ಟೆಪ್ಪಿ, ಕಣ್ಣಿನ ನಡುಭಾಗಕ್ಕೇ ನಿಂತರೆ ಟಾನಿ. ಸ್ಟೆಪ್ಪಿ ಮಧ್ಯ ಏಷ್ಯಾ ಕಡೆಯಿಂದ ಚಳಿಗಾಲಕ್ಕೆ ಬರುವ ಅತಿಥಿ, ಟಾನಿ ಇಲ್ಲಿಯದೇ. ಮೇ ತಿಂಗಳ ಫೋಟೊಗೆ ಸ್ಟೆಪ್ಪಿ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು.

ಸೆಳೆವ ಹಕ್ಕಿಗಳು: ಹುಲ್ಲು, ಜೌಗಿನ ಮೇಲೆ ತಗ್ಗಿನಲ್ಲಿ, ರೆಕ್ಕೆಯನ್ನು ತುಸು ಮೇಲೆತ್ತಿಕೊಂಡು ತೇಲುವ ಚಳಿಗಾಲದ ವಲಸಿಗರಿವು. ಇಂಗ್ಲಿಷ್ ಹೆಸರು ಹ್ಯಾರಿಯರ್. ಗಂಡು ಮಾಂಟೆಗು ಹ್ಯಾರಿಯರ್‌ನ ಬೂದು ರೆಕ್ಕೆಯ ಮೇಲೆ ಕಪ್ಪು ಗೆರೆ ಇರುತ್ತದೆ. ಪ್ಯಾಲಿಡ್‌ನಲ್ಲಿ ಆ ಗೆರೆ ಇಲ್ಲ, ರೆಕ್ಕೆ ತುದಿಯಲ್ಲಿ ಕಪ್ಪು ಬೆಣೆಯಷ್ಟೇ. ಹೆಣ್ಣುಗಳನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಅಂಥ ಕಡೆ 'ಹ್ಯಾರಿಯರ್, ಜಾತಿ ಖಚಿತವಿಲ್ಲ' ಎಂದು ಬರೆಯುವುದೇ ಸರಿಯಾದ ದಾಖಲೆ.

ರಣಹದ್ದು ಕಂಡರೆ

ಬಿಳಿ ಬೆನ್ನಿನ ರಣಹದ್ದಿನ ಮೈ ಕಪ್ಪು, ರೆಕ್ಕೆಯ ಅಡಿಯ ಮುಂಭಾಗ ಬಿಳಿ. ಉದ್ದ ಕೊಕ್ಕಿನದಕ್ಕೆ ಮೈ ಮಸುಕು ಕಂದು, ಹಾರುವ ಗರಿಗಳು ಕಪ್ಪು. ಹಳದಿ ಮುಖ, ಬಿಳಿ ಮೈ, ಬೆಣೆಯಾಕಾರದ ಬಾಲ ಇದ್ದರೆ ಈಜಿಪ್ಟ್ ರಣಹದ್ದು. ಇದರ ಮರಿ ಮಾತ್ರ ಕಡು ಕಂದು.

ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ. ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬಳಿಯ ಅಂಜನೇರಿ ಬೆಟ್ಟ ಅಂಥದ್ದೊಂದು ನೆಲೆ. ಜಟಾಯು ಬಿದ್ದ ಜಾಗವೆಂದು ಭಕ್ತರು ನಂಬುವ ತಾಕೇದ್ ಕೂಡ ಇದೇ ಜಿಲ್ಲೆಯ ಇಗತ್‌ಪುರಿ ತಾಲ್ಲೂಕಿನಲ್ಲಿದೆ. ನಮ್ಮಲ್ಲಿ 'ಶೋಲೆ' ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು.

ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ನೋವು ನಿವಾರಕ ಸತ್ತ ದನದ ಮಾಂಸದ ಮೂಲಕ ಸೇರಿ, ಮೂತ್ರಪಿಂಡ ಕೆಟ್ಟು ರಣಹದ್ದುಗಳು ಸತ್ತವು. 2006ರಲ್ಲಿ ಭಾರತ ಇದರ ಪಶು ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಸರದಿ ಬಂತು.

ಫೋಟೊ ತೆಗೆಯುವವರಿಗೆ ಸೂಚನೆ

* ಒಂದೇ ಫೋಟೊ ಸಾಲದು. ಹಕ್ಕಿ ತಿರುಗುವಾಗ ಮೇಲ್ಮೈ, ಅಡಿಭಾಗ ಎರಡೂ ಸಿಗುವಂತೆ ಸಾಲಾಗಿ ಕ್ಲಿಕ್ಕಿಸಿ.
* ಬಣ್ಣ, ಬೆಳಕು ತಿದ್ದದ ಮೂಲ ಫೈಲ್ ಉಳಿಸಿಕೊಳ್ಳಿ. ದಿನಾಂಕ, ಸ್ಥಳ ಬರೆದಿಡಿ.
* ಮರ್ಲಿನ್‌ನಂಥ ಆ್ಯಪ್ ಕೊಡುವ ಹೆಸರು ಸುಳಿವು ಮಾತ್ರ, ತೀರ್ಪಲ್ಲ. ಬಾಲ, ಬೆರಳು, ತಲೆ ಹೊಂದುತ್ತವೆಯೇ ನೋಡಿ, ನಂತರ ಇ-ಬರ್ಡ್‌ಗೆ ಸೇರಿಸಿ.
* ಗೂಡಿನ ಹತ್ತಿರ ಹೋಗಬೇಡಿ, ಡ್ರೋನ್ ಹಾರಿಸಬೇಡಿ. ಹೆದರಿ ತಾಯಿ ಹಾರಿಹೋದರೆ ಮರಿ ಬಿಸಿಲಿಗೆ ಬೇಯುತ್ತದೆ.
* ಗೂಡಿನ ನಿಖರ ಜಾಗವನ್ನು ಜಾಲತಾಣಗಳಲ್ಲಿ ಹಾಕಬೇಡಿ.

ಎಲ್ಲಿ, ಯಾವಾಗ ನೋಡಬಹುದು?

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಲಸಿಗರ ಕಾಲ. ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ನಾಂದೂರ್ ಮಧಮೇಶ್ವರ 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವಾಯಿತು. ಜೌಗು ಸೆಳೆವ ಮತ್ತು ಮೀನು ಹಿಡಿಯುವ ಆಸ್ಪ್ರೆ ನೋಡಲು ಇದು ತಕ್ಕ ಜಾಗ. ಛತ್ರಪತಿ ಸಂಭಾಜಿನಗರದಿಂದ ಹೋಗುವವರಿಗೆ ಪೈಠಣದ ಜಾಯಕವಾಡಿ ಜಲಾಶಯವಿದೆ. ಬಿಸಿಲೇರಿ ನೆಲ ಕಾದು, ಬಿಸಿ ಗಾಳಿ ಮೇಲೇಳುವ ಹೊತ್ತಿಗೆ ದೊಡ್ಡ ಹಕ್ಕಿಗಳು ರೆಕ್ಕೆ ಬಡಿಯದೆ ಮೇಲೇರುತ್ತವೆ. ಬೆಳಗ್ಗೆ ಒಂಬತ್ತರ ನಂತರ ತಲೆ ಎತ್ತಿ ನೋಡಿದರೆ ಸಿಗುವ ಸಾಧ್ಯತೆ ಹೆಚ್ಚು.