ಸಲಕರಣೆ ನಿಯಂತ್ರಣ

ಸಲಕರಣೆ ನಿಯಂತ್ರಣ ಎಂದರೆ ಯಂತ್ರಗಳ ನಿರ್ವಹಣೆಗೆ ಬಳಸುವ ಪ್ರತಿ ಹತ್ಯಾರಕ್ಕೂ ನಿಗದಿತ ಜಾಗ, ಗುರುತು ಸಂಖ್ಯೆ ಮತ್ತು ಲೆಕ್ಕವಿಟ್ಟು, ಕೆಲಸಕ್ಕೆ ಒಯ್ದದ್ದೆಲ್ಲ ಮರಳಿದೆಯೇ ಎಂದು ಖಚಿತಪಡಿಸಿಕೊಳ್ಳುವ ಕಾರ್ಯಾಗಾರ ಪದ್ಧತಿ. ಇದು ಅತ್ಯಂತ ಕಟ್ಟುನಿಟ್ಟಾಗಿರುವುದು ವಿಮಾನ ನಿರ್ವಹಣೆಯಲ್ಲಿ. ಎಂಜಿನ್ನಿನ ಗಾಳಿದಾರಿಯಲ್ಲಿ ಉಳಿದ ಒಂದು ಸ್ಕ್ರೂಡ್ರೈವರ್ ಅಪಘಾತಕ್ಕೆ ಸಾಕಾಗುವುದರಿಂದ, ಲೆಕ್ಕ ತಾಳೆಯಾಗದೆ ವಿಮಾನವನ್ನು ಹಾರಾಟಕ್ಕೆ ಬಿಡುವುದಿಲ್ಲ.

ಮುಖ್ಯ ಸಾಧನ ನೆರಳು ಹಲಗೆ. ಸ್ಪ್ಯಾನರ್, ಇಕ್ಕಳ, ಸುತ್ತಿಗೆಗಳ ಆಕಾರವನ್ನು ಅದರ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಖಾಲಿ ಆಕಾರ ಕಂಡರೆ ಯಾವುದು ಮರಳಿಲ್ಲವೆಂದು ತಕ್ಷಣ ತಿಳಿಯುತ್ತದೆ. ಹತ್ಯಾರ ಒಯ್ದವರು ಆ ಜಾಗದಲ್ಲಿ ತಮ್ಮ ಸಂಖ್ಯೆಯ ಬಿಲ್ಲೆ ತೂಗುಹಾಕುತ್ತಾರೆ. ಟಾರ್ಕ್ ವ್ರೆಂಚಿನಂಥ ಅಳತೆಯ ಸಲಕರಣೆಗಳಿಗೆ ಮರುಪರೀಕ್ಷೆಯ ದಿನಾಂಕದ ಚೀಟಿ ಇರುತ್ತದೆ.

ಈ ಪದ್ಧತಿ ವಿಮಾನಗಳಿಗಷ್ಟೇ ಸೀಮಿತವಲ್ಲ. ಉದಾಹರಣೆಗೆ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಸ್ಸು, ಟ್ರ್ಯಾಕ್ಟರ್, ನೀರೆತ್ತುವ ಪಂಪುಗಳ ದುರಸ್ತಿಗೂ ಇದು ಅನ್ವಯಿಸುತ್ತದೆ. ಹರಪನಹಳ್ಳಿ ಸೀಮೆಯ ಗುಡ್ಡಗಳ ಗಾಳಿಯಂತ್ರಗಳಲ್ಲಿ ಇದರ ಅಗತ್ಯ ಹೆಚ್ಚು. ಗೋಪುರದ ತುದಿಯಿಂದ ಜಾರಿದ ಸ್ಪ್ಯಾನರ್ ಕೆಳಗಿರುವವರ ಜೀವ ತೆಗೆಯಬಲ್ಲದು. ಆದ್ದರಿಂದ ಎತ್ತರದ ಕೆಲಸದಲ್ಲಿ ಹತ್ಯಾರವನ್ನು ದಾರದಿಂದ ನಡುಪಟ್ಟಿಗೆ ಬಿಗಿದಿರಬೇಕು. ಮರೆತದ್ದನ್ನು ತರಲು ಮತ್ತೆ ಇಳಿದು ಹತ್ತಬೇಕಾಗುವುದರಿಂದ ಏರುವ ಮುನ್ನವೇ ಚೀಲದ ಎಣಿಕೆ ನಡೆಯಬೇಕು.

ಹುಡುಕಾಟದ ಸಮಯ ಉಳಿಯುವುದು, ಮರುಖರೀದಿ ತಗ್ಗುವುದು, ಸವೆದ ಹತ್ಯಾರ ಬೇಗ ಕಣ್ಣಿಗೆ ಬೀಳುವುದು ಇತರ ಪ್ರಯೋಜನಗಳು. ಪಾಳಿ ಬದಲಾವಣೆಯ ವೇಳೆ ಲೆಕ್ಕ ಒಪ್ಪಿಸುವುದರಿಂದ ಕಳೆದ ವಸ್ತುವಿನ ಹೊಣೆ ಸಹಾಯಕರ ತಲೆಗೆ ಬರುವ ಅನ್ಯಾಯವೂ ತಪ್ಪುತ್ತದೆ.