ಮದರಾಸಿನ ರಕ್ತಪರೀಕ್ಷೆ: 1986

ಮುಂದೆ ಎಚ್.ಐ.ವಿ. ಎಂದು ಹೆಸರಾದ ರೆಟ್ರೋವೈರಸ್ಸು 1983ರಲ್ಲಿ ಪ್ಯಾರಿಸಿನಲ್ಲಿ ಗುರುತಿಸಲ್ಪಟ್ಟರೂ, ಅದು ಭಾರತವನ್ನು ಮುಟ್ಟಿಲ್ಲವೆಂಬ ನಂಬಿಕೆಯು ಇಲ್ಲಿ ಬಲವಾಗಿದ್ದಿತು. ಮದರಾಸು ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಅವರು, ಸೋಂಕಿನ ಸಂಭವ ಹೆಚ್ಚೆಂದು ತಿಳಿಯಲಾದ ವೇಶ್ಯಾವೃತ್ತಿಯ ಸ್ತ್ರೀಯರ ರಕ್ತವನ್ನು ಸಂಗ್ರಹಿಸಿದರು. 1986ರಲ್ಲಿ ವೇಲೂರಿನಲ್ಲಿ ನಡೆದ ಪರೀಕ್ಷೆಯು ವೈರಸ್ಸಿಗೆ ಪ್ರತಿಯಾಗಿ ದೇಹವು ನಿರ್ಮಿಸುವ ಪ್ರತಿಕಾಯಗಳನ್ನು ಆರು ಮಾದರಿಗಳಲ್ಲಿ ತೋರಿಸಿತು; ಅಮೆರಿಕದಲ್ಲಿ ನಡೆದ ಪುನಃಪರೀಕ್ಷೆಯು ಅದನ್ನು ಸ್ಥಿರಪಡಿಸಿತು. ದೇಶದ ನಂಬಿಕೆಯು ಹುಸಿಯಾಯಿತು.

ಆದರೆ ಪರೀಕ್ಷೆಯ ಉದ್ದೇಶವನ್ನು ಆ ಸ್ತ್ರೀಯರಿಗೆ ತಿಳಿಸಿರಲಿಲ್ಲವೆಂದು ನಿರ್ಮಲಾ ಅವರೇ ಮುಂದೆ ಹೇಳಿದ್ದಾರೆ. ತಿಳಿವಳಿಕೆಯುಳ್ಳ ಒಪ್ಪಿಗೆಗೂ ಗೋಪ್ಯತೆಗೂ ಪ್ರತ್ಯೇಕ ಶಾಸನದ ಬಲವು ದೊರೆತದ್ದು 2017ರ ಕಾಯಿದೆಯಿಂದ. ಇಂದು ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಈ ಪರೀಕ್ಷೆಗೆ ರಕ್ತ ಕೊಡುವವರಿಗೂ ಅದೇ ಕಾಯಿದೆಯು ರಕ್ಷೆ. ಆ ಆರು ಮಂದಿಗೆ ಅಂದು ಅದು ಲಭಿಸಲಿಲ್ಲ.