ಕಣ ನಿಲ್ಲುವ ಜಾಗ: ಕ್ಯಾನ್ಸರಿನ ಕಣಕಿರಣ ಚಿಕಿತ್ಸೆಯಲ್ಲಿ ನಿಖರತೆ ಮತ್ತು ಸುರಕ್ಷತೆಯ ಇತಿಹಾಸ

ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಇಲ್ಲಿ ಹೊಳೆ ದಾಟುತ್ತದೆ. ಇಲ್ಲಿಯವರು ಗಡ್ಡೆಗೆ ‘ಕರೆಂಟ್ ಕೊಡಿಸಬೇಕು’ (ವಿಕಿರಣ ಚಿಕಿತ್ಸೆ ಮಾಡಿಸಬೇಕು) ಎಂದಾದರೆ ಈ ರಸ್ತೆ ಹಿಡಿದು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬಹುದು; ಪ್ರೋಟಾನ್ ಕಿರಣವೇ ಬೇಕೆಂದರೆ ಚೆನ್ನೈಗೋ ನವಿ ಮುಂಬೈಗೋ ಹೋಗಬೇಕು. ಈ ಚಿಕಿತ್ಸೆಯ ಚರಿತ್ರೆಯನ್ನು ಹೆಚ್ಚುತ್ತಾ ಹೋದ ಯಂತ್ರಬಲದ ಕಥೆಯಾಗಿ ಹೇಳುವುದು ರೂಢಿ. ಅದು ನಿಜಕ್ಕೂ ಕೆಲವು ಮಿಲಿಮೀಟರ್‌ಗಳ ಅನಿಶ್ಚಿತತೆಯನ್ನು ಅಳೆದು ಕುಗ್ಗಿಸಿದ ಚರಿತ್ರೆ ಎಂಬುದು ಈ ಲೇಖನದ ವಾದ.

ಕೋಬಾಲ್ಟ್‌ನಿಂದ ಎಲೆಕ್ಟ್ರಾನ್‌ವರೆಗೆ

1951ರಲ್ಲಿ ಕೆನಡಾದಲ್ಲಿ ಬಳಕೆಗೆ ಬಂದ ಕೋಬಾಲ್ಟ್-60 ಯಂತ್ರ ಭಾರತದ ಕ್ಯಾನ್ಸರ್ ಆಸ್ಪತ್ರೆಗಳಿಗೂ ದಶಕಗಳ ಕಾಲ ಆಧಾರವಾಗಿತ್ತು. ಕರ್ನಾಟಕದಲ್ಲಿ ಈ ಚಿಕಿತ್ಸೆಯ ದೊಡ್ಡ ಸರ್ಕಾರಿ ನೆಲೆಯೆಂದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. 1973ರಲ್ಲಿ ಆರಂಭವಾದ ಅದು 1980ರಲ್ಲಿ ಸ್ವಾಯತ್ತವಾಯಿತು. ಕೋಬಾಲ್ಟ್‌ನ ಅರ್ಧಾಯುಷ್ಯ 5.27 ವರ್ಷ. ಮೂಲದ ಕಸುವು ಇಳಿದಂತೆಲ್ಲ ರೋಗಿ ಮಲಗಬೇಕಾದ ನಿಮಿಷಗಳು ಹೆಚ್ಚುತ್ತವೆ; ಈ ಲೆಕ್ಕ ತಪ್ಪಿದರೆ ಪ್ರಮಾಣವೇ ತಪ್ಪುತ್ತದೆ. ಯಂತ್ರದ ಜೊತೆಗೆ ಅದನ್ನು ಅಳೆಯುವ ವೈದ್ಯಕೀಯ ಭೌತವಿಜ್ಞಾನಿಯೂ ಬೇಕೆಂಬ ಪಾಠ ಕೋಬಾಲ್ಟ್ ಕಾಲದ್ದು.

ಕಣಗಳನ್ನು ನೇರದಾರಿಯಲ್ಲಿ ವೇಗಗೊಳಿಸುವ ಲೀನಿಯರ್ ಆ್ಯಕ್ಸಿಲರೇಟರ್ ಬಂದ ಮೇಲೆ ಎಲೆಕ್ಟ್ರಾನ್ ಎಂಬ ಕಣ ನಮ್ಮ ಆಸ್ಪತ್ರೆಗಳಿಗೂ ಬಂತು. ಕೆಲವೇ ಸೆಂಟಿಮೀಟರ್ ಆಳಕ್ಕಿಳಿದು ನಿಲ್ಲುವ ಇದು ಚರ್ಮದ, ಎದೆಗೋಡೆಯ ಗಡ್ಡೆಗಳಿಗೆ ಒಪ್ಪುತ್ತದೆ. ಕರ್ನಾಟಕದಲ್ಲಿ ಸಂಶೋಧನೆಗೂ ಎಲೆಕ್ಟ್ರಾನ್ ಕಿರಣ ದೊರೆಯಿತು: ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೊಟ್ರಾನ್ ಕೇಂದ್ರದ 8 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಯಂತ್ರ ಜೀವಕೋಶಗಳ ಮೇಲೆ ವಿಕಿರಣದ ಪರಿಣಾಮ ಅರಿಯಲು ನೆರವಾಗಿದೆ. ಎಲೆಕ್ಟ್ರಾನಿಗಿಂತ ಭಾರದ ಕಣಗಳನ್ನು ಓಡಿಸುವ ಸೈಕ್ಲೋಟ್ರಾನಿಗೂ ಕರ್ನಾಟಕದ ನಂಟಿದೆ: ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ ಕೋಲ್ಕತ್ತದ ಸೈಕ್ಲೋಟ್ರಾನ್ ಯೋಜನೆಯ ಮುಂದಾಳುಗಳಲ್ಲಿ ಒಬ್ಬರು. ಅಲ್ಲಿ 1977ರಲ್ಲಿ ಕಿರಣ ಹೊಮ್ಮಿತು.

ನಿಲ್ಲುವುದೇ ಗುಣ, ನಿಲ್ಲುವುದೇ ಅಪಾಯ

ಎಕ್ಸ್-ಕಿರಣ ಗಡ್ಡೆಯನ್ನು ಹಾದು ಆಚೆಗೂ ಹೋಗುತ್ತದೆ. ಪ್ರೋಟಾನ್ ಹಾಗಲ್ಲ, ವೇಗ ಕಳೆದುಕೊಳ್ಳುತ್ತ ಹೋಗಿ ಕೊನೆಯಲ್ಲಿ ಹೆಚ್ಚಿನ ಶಕ್ತಿ ಸುರಿದು ನಿಂತುಬಿಡುತ್ತದೆ. ವಿಲಿಯಂ ಬ್ರ್ಯಾಗ್ 1904ರ ಸುಮಾರಿಗೆ ಆಲ್ಫಾ ಕಣಗಳಲ್ಲಿ ಕಂಡ ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಬರೆದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. 1990ರಲ್ಲಿ ಅದೇ ದೇಶದ ಲೋಮಾ ಲಿಂಡಾದಲ್ಲಿ ಆಸ್ಪತ್ರೆಯೊಳಗೇ ಪ್ರೋಟಾನ್ ಯಂತ್ರ ಬಂತು. 1994ರಲ್ಲಿ ಜಪಾನಿನ ಚಿಬಾದಲ್ಲಿ ಕಾರ್ಬನ್ ಅಯಾನಿನ ಚಿಕಿತ್ಸೆ ಶುರುವಾಯಿತು.

70 ಎಂಇವಿ ಪ್ರೋಟಾನ್ ನೀರಿನಲ್ಲಿ ಸುಮಾರು 4 ಸೆಂ.ಮೀ., 230 ಎಂಇವಿಯದು ಸುಮಾರು 33 ಸೆಂ.ಮೀ. ಸಾಗುತ್ತದೆ. ಮೈಯಾದರೋ ಬರೀ ನೀರಲ್ಲ. ಮೂಳೆ, ಕೊಬ್ಬು, ಗಾಳಿ ಬೆರೆತದ್ದು. ಸಿಟಿ ಸ್ಕ್ಯಾನಿನ ಅಂಕಿಗಳಿಂದ ಕಣದ ನಿಲುಗಡೆಯನ್ನು ಊಹಿಸುವಾಗ ಆಳದ ಸುಮಾರು ಶೇಕಡಾ 3.5ರ ಜೊತೆಗೆ ಒಂದು ಮಿಲಿಮೀಟರ್‌ನಷ್ಟು ಅಂಚು ಬಿಡುವುದು ಹಲವೆಡೆ ವಾಡಿಕೆ. 15 ಸೆಂ.ಮೀ. ಆಳದ ಗಡ್ಡೆಗೆ ಇದು ಆರು ಮಿಲಿಮೀಟರ್ ದಾಟುತ್ತದೆ. ಮಿದುಳಿನ ಬುಡದಲ್ಲಿ ಗಡ್ಡೆಗೂ ದೃಷ್ಟಿನರಕ್ಕೂ ನಡುವೆ ಅಷ್ಟು ಜಾಗ ಇರದೇ ಹೋಗಬಹುದು. ಈ ಅಂಚನ್ನು ಕಿರಿದು ಮಾಡಲೆಂದೇ ಎರಡು ಶಕ್ತಿಮಟ್ಟದ ಸಿಟಿ, ಉಸಿರಾಟದೊಡನೆ ಹೊಂದಿಸಿದ ಸ್ಕ್ಯಾನ್, ಮೈಯೊಳಗಿಂದ ಹೊಮ್ಮುವ ಗಾಮಾ ಕಿರಣ ಹಿಡಿದು ಕಣ ಎಲ್ಲಿ ನಿಂತಿತೆಂದು ನೋಡುವ ಪ್ರಯೋಗಗಳು ಬಂದವು. ಸ್ವಿಟ್ಜರ್‌ಲೆಂಡ್‌ನ ಪಾಲ್ ಶೆರರ್ ಸಂಸ್ಥೆ 1996ರಲ್ಲಿ ಪೆನ್ಸಿಲ್ ತುದಿಯಂಥ ಕಿರಣದಿಂದ ಗಡ್ಡೆಯನ್ನು ಚುಕ್ಕೆ ಚುಕ್ಕೆಯಾಗಿ ತುಂಬುವ ವಿಧಾನವನ್ನು ಬಳಕೆಗೆ ತಂದಿತು.

ತಪ್ಪಿನಿಂದ ಕಟ್ಟಿದ ಕಟ್ಟಳೆ

1985ರಿಂದ 1987ರ ನಡುವೆ ಉತ್ತರ ಅಮೆರಿಕದಲ್ಲಿ ಥೆರಾಕ್-25 ಎಂಬ ಆ್ಯಕ್ಸಿಲರೇಟರ್ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿಯಿತು, ಕೆಲವರು ಸತ್ತರು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರಿಗೆ ಒಪ್ಪಿಸಿದ್ದು ಅದರ ಮೂಲದೋಷಗಳಲ್ಲೊಂದು. ಒಂದನ್ನೊಂದು ನೆಚ್ಚದ ಹಲವು ತಡೆಗಳಿರಬೇಕೆಂಬ ನಿಯಮ ಆಮೇಲೆ ಗಟ್ಟಿಯಾಯಿತು. ಇಂದು ಕಿರಣ ಹೊರಡುವ ಮೂತಿಯಲ್ಲೇ ಕೂತ ಅಯಾನು ಕೋಣೆಗಳು ಪ್ರತಿ ಚುಕ್ಕೆಯ ಪ್ರಮಾಣ, ಸ್ಥಾನ ಅಳೆಯುತ್ತವೆ. ಅಳತೆ ಮಿತಿ ದಾಟಿದರೆ ಕಿರಣ ನಿಲ್ಲುತ್ತದೆ. ಬೆಳಗ್ಗೆ ಮೊದಲ ರೋಗಿ ಬರುವ ಮುನ್ನವೇ ಅಳತೆ ಉಪಕರಣಗಳ ಮೇಲೆ ಕಿರಣ ಬಿಟ್ಟು ಆಳ, ಪ್ರಮಾಣ ನೋಡುತ್ತಾರೆ. ಭಾರತದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಇಂಥ ಯಂತ್ರ ನಡೆಸುವಂತಿಲ್ಲ.

ಅನಗವಾಡಿಯಿಂದ ನೋಡಿದಾಗ

ಚೆನ್ನೈನ ಅಪೋಲೊ ಕೇಂದ್ರ 2019ರಲ್ಲಿ, ನವಿ ಮುಂಬೈಯ ಖಾರ್ಘರ್‌ನ ಟಾಟಾ ಸ್ಮಾರಕ ಕೇಂದ್ರ 2023ರಲ್ಲಿ ಪ್ರೋಟಾನ್ ಚಿಕಿತ್ಸೆ ಆರಂಭಿಸಿದವು. ಚಿಕಿತ್ಸೆ ಒಂದು ದಿನದ್ದಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ. ತಲೆ-ಕುತ್ತಿಗೆಯ ರೋಗಿ ಊಟ ಸೇರದೆ ಸೊರಗಿದರೆ ಮುಖದ ಆಕಾರಕ್ಕೆ ಒತ್ತಿ ರೂಪಿಸಿದ ಪ್ಲಾಸ್ಟಿಕ್ ಕವಚ ಸಡಿಲವಾಗುತ್ತದೆ, ಕಣದ ದಾರಿಯಲ್ಲಿರುವ ಮಾಂಸವೇ ಕಡಿಮೆಯಾಗುತ್ತದೆ. ಆಗ ಕಣ ಗುರಿ ದಾಟಿ ಆಚೆಯ ಅಂಗದಲ್ಲಿ ನಿಲ್ಲಬಹುದು. ನಡುವೆ ಮತ್ತೆ ಸ್ಕ್ಯಾನ್ ಮಾಡಿ ಯೋಜನೆ ತಿದ್ದುವುದು ಇದಕ್ಕಾಗಿ.

ಹಾಗಾಗಿ ದೂರದೂರಿನ ರೋಗಿಯ ಆಹಾರ, ತೂಕ, ಅಲ್ಲಿ ಉಳಿದುಕೊಳ್ಳಲು ಇರುವ ಅನುಕೂಲ ಇವೂ ನಿಖರತೆಯ ಲೆಕ್ಕಕ್ಕೆ ಸೇರುತ್ತವೆ. ಎಲ್ಲ ಗಡ್ಡೆಗೂ ಪ್ರೋಟಾನ್ ಬೇಕಿಲ್ಲ. ಮಕ್ಕಳ ಕ್ಯಾನ್ಸರ್, ತಲೆಬುರುಡೆಯ ಬುಡದ ಗಡ್ಡೆಗಳಂಥವುಗಳಲ್ಲಿ ಅದರ ಲಾಭ ಹೆಚ್ಚು. ಅಂಥವರನ್ನು ಜಿಲ್ಲಾ ಮಟ್ಟದಲ್ಲೇ ಬೇಗ ಗುರುತಿಸಿ ಕಳಿಸುವ, ಚಿಕಿತ್ಸೆ ಮುಗಿಯುವ ತನಕ ಅಲ್ಲೇ ಉಳಿಸಿ ಉಣ್ಣಿಸುವ ಏರ್ಪಾಟು ಬಾಗಲಕೋಟೆಯಂಥ ಜಿಲ್ಲೆಗಳಿಗೆ ಇನ್ನೊಂದು ಯಂತ್ರಕ್ಕಿಂತ ಮೊದಲು ಬೇಕಾದದ್ದು.